ಮನಶ್ಶಾಸ್ತ್ರದ ಪ್ರಯೋಗಪುಸ್ತಕ: ಒಂದು ವಿಮರ್ಶೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ಜನ ಇಂದು ನೆನೆಯುವುದು ಹೆಚ್ಚಾಗಿ 1935ರಲ್ಲಿ ಅವರು ತಮ್ಮ ಮನೆಯಿಂದ ನಡೆಸಿದ ಬಾನುಲಿಯ ಕಾರಣದಿಂದ. ಆದರೆ ಅವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಪ್ರಯೋಗದ ಶಿಸ್ತನ್ನು ಕಲಿತು ಬಂದವರೆಂಬುದನ್ನು ಮರೆಯಲಾಗದು. ಮನಶ್ಶಾಸ್ತ್ರವನ್ನು ಓದುವುದೆಂದರೆ ಪ್ರಯೋಗ ಮಾಡುವುದೂ ಹೌದು ಎಂಬ ಈ ಪರಂಪರೆಯ ಗುರುತಾಗಿ ವಿದ್ಯಾರ್ಥಿಯ ಕೈಯಲ್ಲಿ ಇಂದು ಉಳಿದಿರುವುದು ಪ್ರಯೋಗಪುಸ್ತಕ. ಅದನ್ನು ಒಂದು ಬರೆವಣಿಗೆಯೆಂದೇ ಭಾವಿಸಿ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಅದರ ಕ್ರಮ ಪರಿಚಿತವಾದುದು: ಸಮಸ್ಯೆ, ಉಪಕರಣ, ವಿಧಾನ, ಫಲಿತಾಂಶ, ಚರ್ಚೆ. ಇಬ್ಬರು ಸಹಪಾಠಿಗಳು ಎದುರುಬದುರಾಗಿ ಕುಳಿತು, ಒಬ್ಬನು ಪ್ರಯೋಗ ಮಾಡುವವನೂ ಇನ್ನೊಬ್ಬನು ಅದಕ್ಕೆ ಒಳಗಾಗುವವನೂ ಆಗುತ್ತಾರೆ. ಬರಬೇಕಾದ ಉತ್ತರವು ಪಾಠದಿಂದ ಇಬ್ಬರಿಗೂ ಮೊದಲೇ ತಿಳಿದಿರುತ್ತದೆ. ಪ್ರಯೋಗಕ್ಕೆ ಒಳಗಾದವರು ಪ್ರಯೋಗಕರ್ತನ ನಿರೀಕ್ಷೆಯನ್ನು ಊಹಿಸಿ ಅದರಂತೆ ನಡೆದುಕೊಳ್ಳುತ್ತಾರೆಂದು ಮಾರ್ಟಿನ್ ಓರ್ನ್ 1962ರಲ್ಲಿ ಎಚ್ಚರಿಸಿದರು. ನಮ್ಮಲ್ಲಿ ಊಹಿಸುವ ಶ್ರಮವೂ ಇಲ್ಲ.

ಮ್ಯೂಲರ್-ಲೈಯರ್ ಭ್ರಮೆಯ ಪ್ರಯೋಗದಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಗೆರೆಗಳು ಸಮವೆಂದು ತಿಳಿದಿದ್ದರೂ ಕಣ್ಣು ಮೋಸಹೋಗುತ್ತದೆ. ಆದರೂ ಚರ್ಚೆಯ ಪುಟದಲ್ಲಿ ಒಂದು ಪ್ರಶ್ನೆ ಏಳಬೇಕಿತ್ತು. ಈ ಶತಮಾನಕ್ಕೆ ಹಿಂದಿನ ಶತಮಾನದ ಮೊದಲಲ್ಲೇ, ನಮ್ಮ ನೆರೆಯ ನೀಲಗಿರಿಯ ತೋಡರಲ್ಲಿ ಈ ಭ್ರಮೆ ಇಂಗ್ಲಿಷರಲ್ಲಿರುವುದಕ್ಕಿಂತ ಕಡಿಮೆಯೆಂದು ರಿವರ್ಸ್ ಕಂಡು 1905ರಲ್ಲಿ ಪ್ರಕಟಿಸಿದ್ದರು. ಹಾಗಿರುವಾಗ "ಭ್ರಮೆ ಸಿದ್ಧವಾಯಿತು" ಎಂದು ಒಂದೇ ವಾಕ್ಯದಲ್ಲಿ ಮುಗಿಸುವುದು ಹೇಗೆ?

ಸ್ಮೃತಿಯ ಪ್ರಯೋಗದಲ್ಲಿ ದೋಷವು ಇನ್ನೂ ಆಳವಾದುದು. ಎಬ್ಬಿಂಗ್‌ಹೌಸ್ 1885ರ ತಮ್ಮ ಗ್ರಂಥಕ್ಕಾಗಿ ವ್ಯಂಜನ, ಸ್ವರ, ವ್ಯಂಜನ ಎಂಬ ಅನುಕ್ರಮದ ಸುಮಾರು 2300 ನಿರರ್ಥಕ ಉಚ್ಚಾರಗಳನ್ನು ರಚಿಸಿಕೊಂಡು ತಮ್ಮ ಮೇಲೆಯೇ ಪ್ರಯೋಗಿಸಿದರು. ಹಳೆಯ ಅರ್ಥಸಂಬಂಧಗಳು ಕಲಿಕೆಗೆ ನೆರವಾಗಬಾರದೆಂಬುದು ಅವರ ಉದ್ದೇಶ. ಈ ಅಚ್ಚನ್ನೇ ಕನ್ನಡಕ್ಕೆ ಇಳಿಸಿದರೆ ಏನಾಗುತ್ತದೆ? ನಮ್ಮ ಪದಗಳು ಬಹುಮಟ್ಟಿಗೆ ಸ್ವರಾಂತ್ಯವಾದವು. ವ್ಯಂಜನದಲ್ಲಿ ನಿಲ್ಲುವ ಏಕಾಕ್ಷರಗಳು ಟಪ್, ಧಡ್, ಪಟ್, ಝಣ್ ಮೊದಲಾದ ಅನುಕರಣ ಶಬ್ದಗಳು. ಆದುದರಿಂದ ಪಟ್ಟಿಯಲ್ಲಿನ "ಢಪ್" ಎಂಬುದು ಕನ್ನಡಿಗನ ಕಿವಿಗೆ ನಿರರ್ಥಕವಲ್ಲ. ಏನೋ ಬಿದ್ದಂತೆ ಕೇಳಿಸುತ್ತದೆ. ಎರಡಕ್ಷರದ ಸ್ವರಾಂತ ರೂಪಗಳನ್ನು ತೆಗೆದುಕೊಂಡರೂ ಗತಿ ಅದೇ: ಮರ, ಕರ, ಸರ, ದರ, ಬರ, ನರ, ವರ, ಅರ್ಥವಿಲ್ಲದುದನ್ನು ಹುಡುಕುವುದೇ ಕಷ್ಟ. ರೋಮನ್ ಲಿಪಿಯ ಪಟ್ಟಿಯನ್ನು ಹಾಗೆಯೇ ಬಳಸಿದರೆ, ಇಂಗ್ಲಿಷಿನ ಬಳಕೆ ಕಡಿಮೆಯಿರುವ ಹಳ್ಳಿಯ ವಿದ್ಯಾರ್ಥಿಯಲ್ಲಿ ನಾವು ಅಳೆಯುವುದು ಸ್ಮೃತಿಯನ್ನೋ, ಓದಿನ ಅಭ್ಯಾಸವನ್ನೋ ಹೇಳಲಾಗದು. ಇಷ್ಟಾದರೂ ಪುಸ್ತಕದ ಕೊನೆಯ ಸಾಲು ಎಂದಿನಂತೆ "ಎಬ್ಬಿಂಗ್‌ಹೌಸರ ಫಲಿತಾಂಶಕ್ಕೆ ಹೊಂದುತ್ತದೆ" ಎಂದಿರುತ್ತದೆ. ಹೊಂದದ ಅಂಕಿಗಳನ್ನು ರಬ್ಬರಿನಿಂದ ಅಳಿಸಿ ಹೊಂದಿಸುವುದೂ ಅಪರೂಪವಲ್ಲ. ಹೊಂದದಿದ್ದ ಆ ಅಂಕಿಯೇ ಆ ಪುಟದ ಏಕೈಕ ಸ್ವಂತ ಸಂಪಾದನೆಯಾಗಿತ್ತು!

ವಿದ್ಯಾರ್ಥಿಯನ್ನು ಮಾತ್ರ ಇದಕ್ಕಾಗಿ ದೂರುವುದು ನ್ಯಾಯವಲ್ಲ. ಅಚ್ಚುಕಟ್ಟಾದ ನಕ್ಷೆಗೆ ಅಂಕ ದೊರೆತು, ಅನುಮಾನಕ್ಕೆ ಕೆಂಪು ಗೆರೆ ಬೀಳುವಲ್ಲಿ ಅವನು ಬೇರೇನು ಮಾಡಿಯಾನು? ಸ್ಮೃತಿಯ ಪ್ರಯೋಗಕ್ಕೆ ಮುನ್ನ ಅವನೇ ಕನ್ನಡದ ಐವತ್ತು ಉಚ್ಚಾರಗಳನ್ನು ರಚಿಸಲಿ. ಪ್ರತಿಯೊಂದೂ ಏನನ್ನು ನೆನಪಿಗೆ ತರುತ್ತದೆಂದು ಹತ್ತು ಮಂದಿಯನ್ನು ಕೇಳಲಿ. ಏನನ್ನೂ ತಾರದವನ್ನು ಮಾತ್ರ ಉಳಿಸಿಕೊಳ್ಳಲಿ. ಇದಕ್ಕೆ ಉಪಕರಣದ ವೆಚ್ಚವಿಲ್ಲ. ಕಾಗದ, ಸೀಸದ ಕಡ್ಡಿ, ಎರಡು ಗಂಟೆಯ ಅವಧಿ ಸಾಕು.