ಮನಸ್ಸಿನ ರೂಪಕಗಳು: ಪೋಪ್, ಧೀರೋ, ಅಖೋ

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕಾವ್ಯವೆಂದರೆ ಬುದ್ಧಿಯ ಕಸರತ್ತು, ಭಾವದ ಬರಗಾಲ ಎಂಬ ಅಭಿಪ್ರಾಯ ನಮ್ಮಲ್ಲಿ ಬೇರೂರಿದೆ. ಕಾರಣವನ್ನರಸಿದರೆ ಪಾಲ್‌ಗ್ರೇವನ 'ಗೋಲ್ಡನ್ ಟ್ರೆಷರಿ'ಯ (1861) ಬಳಿಗೆ ಬರಬೇಕಾಗುತ್ತದೆ. ಅಹಮದಾಬಾದಿನ ನರಸಿಂಹರಾವ್ ದಿವೇಟಿಯಾ ಅವರ 'ಕುಸುಮಮಾಲಾ' (1887) ಅದರ ಪ್ರೇರಣೆಯಿಂದ ಅರಳಿತು. 'ಶ್ರೀ'ಯವರ 'ಇಂಗ್ಲಿಷ್ ಗೀತಗಳು' (1926) ಬಹುಮಟ್ಟಿಗೆ ಅದರಿಂದಲೇ ಆಯ್ದುಕೊಂಡಿತು. ಭಾವಗೀತೆಯನ್ನೇ ಬಯಸಿದ ಪಾಲ್‌ಗ್ರೇವನಲ್ಲಿ ಪೋಪನ ದೀರ್ಘ ವಿಚಾರಕಾವ್ಯಗಳಿಗೆ ಎಡೆಯಿರಲಿಲ್ಲ.

ಹೊರಗುಳಿದುದು ಅಲ್ಪವೇನಲ್ಲ. 1690ರ ಮುದ್ರಣವರ್ಷ ಹೊತ್ತ ತನ್ನ ಗ್ರಂಥದಲ್ಲಿ ಲಾಕನು ಮನಸ್ಸನ್ನು ಬರೆಯದ ಹಾಳೆಗೂ, ಕಿಂಡಿಯಿಂದಷ್ಟೇ ಬೆಳಕು ಬರುವ ಕತ್ತಲೆಕೋಣೆಗೂ ಹೋಲಿಸಿದ್ದನು. ಪೋಪನ 'ಎಸ್ಸೆ ಆನ್ ಮ್ಯಾನ್'ನಲ್ಲಿ (1733–34) ಬಾಳು ಸಮುದ್ರಯಾನ. ವಿವೇಕ ದಿಕ್ಸೂಚಿ, ರಾಗವೇ ಗಾಳಿ. ದಿಕ್ಸೂಚಿಯೊಂದರಿಂದ ಹಡಗು ಚಲಿಸದೆಂಬುದನ್ನು ಸೂರತ್ತಿನ ನಾವಿಕನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾವದ್ವೇಷಿಯೆಂದು ಹೆಸರಾದ ಕವಿ ಭಾವಕ್ಕಿತ್ತ ಸ್ಥಾನವಿದು! 'ರೇಪ್ ಆಫ್ ದಿ ಲಾಕ್'ಗೆ 1714ರಲ್ಲಿ ಸೇರಿದ ಖಿನ್ನತೆಯ ಗುಹೆಯಲ್ಲಿ ಮನುಷ್ಯರು ಚಹದ ಪಾತ್ರೆಗಳಾಗಿ ನಿಂತಿದ್ದಾರೆ. ಅಲ್ಲಿನ ನಗೆಯ ಹಿಂದೆ ಬುದ್ಧಿಭ್ರಂಶದ ನಿಜವಾದ ಭಯವಿದೆ.

ಕೌಪರನ ಕಿರಿಯ ಸಮಕಾಲೀನನಾದ ಧೀರೋ ಭಗತನು (1753–1825) ವಡೋದರೆಗೆ ಸಮೀಪದ ಗೋಠಡಾದವನು. ತನ್ನ ಕಾಫಿಗಳನ್ನು ಬಿದಿರ ಕೊಳವೆಗಳಲ್ಲಿಟ್ಟು ಮಹೀನದಿಯಲ್ಲಿ ತೇಲಿಬಿಡುತ್ತಿದ್ದನೆಂದು ಐತಿಹ್ಯ. ಮನಸ್ಸು, ಮಾಯೆ, ತೃಷ್ಣೆ, ಯೌವನ, ಕಾಯ ಇವುಗಳ 'ಸ್ವರೂಪ'ವನ್ನು ಒಂದೊಂದಾಗಿ ಎತ್ತಿಕೊಂಡು ಹಾಡಿದನು. ಅಮೂರ್ತವನ್ನು ಮುಂದೆ ನಿಲ್ಲಿಸಿಕೊಂಡು ಪರೀಕ್ಷಿಸುವ ಈ ರೀತಿ ಪೋಪನ ಕಾಲದವರಿಗೆ ಅಪರಿಚಿತವಲ್ಲ.

ಆದರೆ ಸಾಮ್ಯವನ್ನು ಬಹಳ ದೂರ ಎಳೆಯುವಂತಿಲ್ಲ. ಹದಿನೇಳನೆಯ ಶತಮಾನದ ಅಹಮದಾಬಾದಿನ ಅಕ್ಕಸಾಲಿಗ ಅಖೋ 'ಚಿತ್ತವಿಚಾರ ಸಂವಾದ'ವನ್ನು ಬರೆದನು. (ಖಾಡಿಯಾದಲ್ಲಿ ಅವನದೆನ್ನಲಾದ ಕೋಣೆಯನ್ನು ತೋರಿಸುವುದುಂಟು, ಲಾಕನ ಕೋಣೆಯಂತೆ ಅದು ರೂಪಕವಲ್ಲ.) ಇಂಗ್ಲಿಷ್ ಕವಿಗೆ ಮನಸ್ಸು ಕೋಣೆ ಅಥವಾ ಹಡಗು, ಅಂದರೆ ಯಜಮಾನನುಳ್ಳ ಸೊತ್ತು, ಅದು ಸುವ್ಯವಸ್ಥಿತವಾಗಿರಬೇಕು. ಅಖೋನಲ್ಲಿ ಮನಸ್ಸು ತನ್ನೊಡನೆ ತಾನೇ ವಾದಿಸುತ್ತದೆ. ಅದ್ವೈತಿಯಾದ ಅವನಿಗೆ ಚಿತ್ತವು ಕೊನೆಗೆ ಕರಗಬೇಕಾದದ್ದು. ಬಸವಣ್ಣನವರ ಮರ್ಕಟವಾದರೋ ಒಡೆಯನ ಮಾತು ಕೇಳದ ಸೊತ್ತು. ದೂರು ಸಲ್ಲುವುದು ದೇವರಿಗೆ. ಅಖೋನನ್ನು ಗುಜರಾತಿನ ಪೋಪ್ ಎಂದುಬಿಟ್ಟರೆ ಇಬ್ಬರಿಗೂ ಅನ್ಯಾಯ.

ಜ್ಞಾನಿಯನ್ನು ಕವಿಗಳ ಸಾಲಿಗೆ ಸೇರಿಸಬೇಡವೆಂದು ಅಖೋ ತಾನೇ ಹೇಳಿಕೊಂಡದ್ದುಂಟು. ಅದನ್ನು ಅಕ್ಷರಶಃ ನಂಬಿ, ಅವನ ಛಪ್ಪಾಗಳನ್ನು ಬರಿಯ ಕಟಕಿಯೆಂದು ಬದಿಗಿಡುವುದು ಪಾಲ್‌ಗ್ರೇವನ ಅಳತೆಗೋಲಿಗೆ ಸುಲಭ. ನಮ್ಮ ಸರ್ವಜ್ಞನನ್ನು ನೀತಿಯ ಪಂಕ್ತಿಯಲ್ಲಷ್ಟೇ ಕೂರಿಸುವುದೂ ಅದೇ ಅಳತೆಗೋಲೇ.