ಒಂದು ಸೆಂಡ್, ಒಂದು ರಿಸೀವ್: ಈ ಪಾಠ ಸಾಲದು

ನೆಟ್‌ವರ್ಕ್ ಪ್ರೋಗ್ರಾಮಿಂಗ್‌ನ ಮೊದಲ ಪಾಠ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಸಾಕೆಟ್ ತೆರೆದು, ಸರ್ವರಿಗೆ ಕನೆಕ್ಟ್ ಆಗಿ, ‘ಹಲೋ’ ಎಂದು ಇಂಗ್ಲಿಷಿನಲ್ಲಿ ಸೆಂಡ್ ಮಾಡುವುದು. ಆ ಕಡೆ 1024 ಬೈಟ್‌ವರೆಗೆ ರಿಸೀವ್ ಮಾಡುವುದು. ಲ್ಯಾಬಿನಲ್ಲಿ ಎರಡೂ ಪ್ರೋಗ್ರಾಮು ಸಾಮಾನ್ಯವಾಗಿ ಒಂದೇ ಕಂಪ್ಯೂಟರಿನಲ್ಲಿ ಓಡುತ್ತವೆ, ಸಂದೇಶವೂ ಚಿಕ್ಕದು. ಹಾಗಾಗಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಇದು ಅರ್ಧ ಪಾಠ. ಉಳಿದರ್ಧವನ್ನು ಕನ್ನಡದಲ್ಲಿ ಬರೆದ ಒಂದು ಊರಿನ ಹೆಸರೇ ಕಲಿಸಬಲ್ಲದು.

ಸಾಕೆಟ್‌ನ ಹೆಚ್ಚುಗಾರಿಕೆಯನ್ನು ಮೊದಲು ಒಪ್ಪಬೇಕು. 1983ರಲ್ಲಿ ಬರ್ಕ್ಲಿ ಯೂನಿಕ್ಸ್ 4.2ರ ಜೊತೆ ಬಂದ ಈ ವ್ಯವಸ್ಥೆಯಲ್ಲಿ, ದೂರದ ಯಂತ್ರದೊಡನೆ ವ್ಯವಹರಿಸುವುದು ಫೈಲ್ ಓದಿ ಬರೆದಷ್ಟು ಸಲೀಸು. ಕೆಳಗೆ ದುಡಿಯುವ ಟಿಸಿಪಿ ಬೈಟುಗಳನ್ನು ಕ್ರಮ ತಪ್ಪದಂತೆ ತಲುಪಿಸುತ್ತದೆ. ಆದರೆ ಒಂದು ಸಂದೇಶ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂಬುದು ಅದಕ್ಕೆ ಗೊತ್ತಿಲ್ಲ. ಟಾಕಿಗೆ ಎರಡು ಕೊಡ ನೀರು ಸುರಿದರೆ ನಲ್ಲಿಯಲ್ಲಿ ಅದು ಎರಡು ಕೊಡವಾಗಿಯೇ ಬರುವುದಿಲ್ಲ. ಎರಡು ಸೆಂಡ್ ಒಂದೇ ರಿಸೀವ್‌ಗೆ ಸಿಗಬಹುದು, ಒಂದು ಸೆಂಡ್ ಮೂರು ತುಂಡಾಗಿಯೂ ಬರಬಹುದು. ಗಡಿ ಗುರುತಿಸುವ ಹೊಣೆ ಪ್ರೋಗ್ರಾಂ ಬರೆಯುವವರದು.

ಈಗ ‘ನ್ಯಾಲ್ಕಲ್’ ಕಳಿಸಿ ನೋಡೋಣ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯಿಂದ ಮೆದಕಿಗೆ ಸೇರಿ, ಈಗ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿರುವ ಊರು. ಈ ಹೆಸರು ಕಣ್ಣಿಗೆ 3 ಅಕ್ಷರ, ಯೂನಿಕೋಡ್ ಲೆಕ್ಕಕ್ಕೆ 9 ಸಂಕೇತ, ಆ ಸಂಕೇತಗಳನ್ನು ಬೈಟಾಗಿಸುವ ಯುಟಿಎಫ್-8ರಲ್ಲಿ ಹೊರಟಾಗ 27 ಬೈಟ್. ಕನ್ನಡದ ‘ನ’ ಎಂದರೆ 224, 178, 168 ಎಂಬ ಮೂರು ಬೈಟು. ತೆಲುಗಿನ ‘ನ’ 224, 176, 168. ವ್ಯತ್ಯಾಸ ನಡುವಿನ ಬೈಟಿನಲ್ಲಿ ಮಾತ್ರ.

ಇಂಥ ಹೆಸರುಗಳನ್ನು ಜಾಗ ಬಿಡದೆ ಸಾಲಾಗಿ ಕಳಿಸಿದರೆ 341 ಸಂಕೇತಕ್ಕೆ 1023 ಬೈಟ್ ತುಂಬುತ್ತದೆ. 1024ನೆಯದು ಮುಂದಿನ ಸಂಕೇತದ ಮೊದಲ ಬೈಟ್, ಅಂದರೆ 224. ಅದೊಂದೇ ಕೈಗೆ ಬಂದರೆ ಕನ್ನಡವೋ ತೆಲುಗೋ ಎಂದು ಹೇಳುವುದೂ ಆಗದು. ಬಂದಷ್ಟನ್ನೇ ಅಕ್ಷರ ಮಾಡಹೊರಟರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಬೇರೆ ಕೆಲವು ಭಾಷೆಗಳು ಸುಮ್ಮನೆ ಕಪ್ಪು ಚೌಕದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತವೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಕೆಟ್ಟ ಹೆಸರು ದಾಖಲೆಯೊಳಗೆ ಸೇರಿಬಿಡುತ್ತದೆ. ಇಂಗ್ಲಿಷಿನಲ್ಲಿ ಅಕ್ಷರಕ್ಕೆ ಒಂದೇ ಬೈಟ್ ಇರುವುದರಿಂದ ಅಕ್ಷರ ಒಡೆಯುವುದಿಲ್ಲ, ತಪ್ಪು ಮುಚ್ಚಿಹೋಗುತ್ತದೆ.

ಪರಿಹಾರ ಹಳೆಯದು, ಒಳ್ಳೆಯದು: ಸಂದೇಶದ ಮುಂದೆ 4 ಬೈಟಿನಲ್ಲಿ ಅದರ ಉದ್ದ ಬರೆದು, ಅಷ್ಟೂ ಕೈಸೇರುವವರೆಗೆ ಲೂಪಿನಲ್ಲಿ ಓದುವುದು. ಇಲ್ಲಿಯೂ ಕನ್ನಡ ನಮ್ಮನ್ನು ಪರೀಕ್ಷೆಗೆ ಒಡ್ಡುತ್ತದೆ. ಪೈಥಾನಿನಲ್ಲಿ ಸ್ಟ್ರಿಂಗ್‌ನ ಉದ್ದ ಕೇಳಿ 9 ಎಂದು ಬರೆದರೆ, ಆ ಕಡೆಯವರು 9 ಬೈಟ್ ಓದಿ ‘ನ್ಯ’ಕ್ಕೆ ನಿಲ್ಲಿಸುತ್ತಾರೆ. ಉಳಿದ ಬೈಟುಗಳಲ್ಲಿ ಮೊದಲ ನಾಲ್ಕನ್ನು ಮುಂದಿನ ಸಂದೇಶದ ಉದ್ದವೆಂದು ತಿಳಿದು, ಸುಮಾರು 377 ಕೋಟಿ ಬೈಟಿಗಾಗಿ ಕಾಯುತ್ತಾ ಕೂರುತ್ತಾರೆ. ಆದ್ದರಿಂದ ಮೊದಲು ಬೈಟಾಗಿಸಿ ಆಮೇಲೆ ಅಳೆಯಬೇಕು, ಉದ್ದಕ್ಕೊಂದು ಮಿತಿಯನ್ನೂ ಇಡಬೇಕು. ಕಳಿಸುವಾಗ ಸೆಂಡ್ ಅರ್ಧಕ್ಕೇ ನಿಲ್ಲಬಹುದಾದ್ದರಿಂದ, ಪೂರ್ತಿ ಕಳಿಸುವವರೆಗೆ ಬಿಡದ ಸೆಂಡ್‌ಆಲ್ ಬಳಸಬೇಕು. ರಿಸೀವ್ ಸೊನ್ನೆ ಬೈಟ್ ಕೊಟ್ಟರೆ ಆ ಕಡೆಯವರು ಕಳಿಸುವುದನ್ನು ಮುಗಿಸಿದ್ದಾರೆಂದು ಅರಿಯಬೇಕು.

ಇವೆಲ್ಲ ಮುಂದುವರಿದ ಪಾಠಗಳೆಂದು ಕೊನೆಯ ಅಧ್ಯಾಯಕ್ಕೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮೊದಲ ದಿನ ಕೈಗೆ ಹತ್ತಿದ ರೂಢಿಯೇ ಮುಂದೆ ಕೆಲಸದಲ್ಲೂ ಉಳಿಯುತ್ತದೆ. ತೆಲಂಗಾಣದ ಜಹೀರಾಬಾದಿನಲ್ಲಾಗಲಿ ಕರ್ನಾಟಕದ ಬೀದರಿನಲ್ಲಾಗಲಿ, ಕಲಿಸುವವರು ‘ಹಲೋ’ ಬದಲು ವಿದ್ಯಾರ್ಥಿಯ ಊರಿನ ಹೆಸರನ್ನು ಅವರ ಲಿಪಿಯಲ್ಲೇ ಕಳಿಸಲಿ. ರಿಸೀವ್‌ನ ಅಳತೆಯನ್ನು 1024ರಿಂದ 1ಕ್ಕೆ ಇಳಿಸಿ ನೋಡಲಿ. ಸರಿಯಾಗಿ ಬರೆದ ಪ್ರೋಗ್ರಾಂ ನಿಧಾನವಾದೀತು, ಹೆಸರು ಕೆಡಿಸದು. ಈ ಪರೀಕ್ಷೆಯಲ್ಲಿ ಪಾಸಾದ ಪ್ರೋಗ್ರಾಮಿಗೆ ಮಾತ್ರ ಜನರ ಹೆಸರು, ಊರು, ಜಮೀನಿನ ವಿವರ ಒಪ್ಪಿಸಬೇಕು.