ಮುಚ್ಚಿದ ಬಾಗಿಲು, ಉಳಿದ ಮಾತು

ವಿಚಾರ ಸಂಕಿರಣದಲ್ಲಿ ಮಂಡನೆಯಾಗುವ ಪ್ರಬಂಧವನ್ನು ನಮ್ಮ ವಿಮರ್ಶೆ ಬರವಣಿಗೆಯ ಒಂದು ಪ್ರಕಾರವೆಂದು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಹದಿನೈದು ನಿಮಿಷ ಓದಿ, ಒಂದೆರಡು ಪ್ರಶ್ನೆಗಳಿಗೆ ಉತ್ತರಿಸಿ, ಪ್ರಮಾಣಪತ್ರ ಪಡೆದು ಬರುವುದಷ್ಟೇ ಅದೆಂಬ ಭಾವನೆ ನಮ್ಮಲ್ಲಿದೆ. ಆದರೆ ಭಾರತದ ಸಮಾಜದರ್ಶನದ ಬಹುಮುಖ್ಯ ಬರಹವೊಂದು ಹುಟ್ಟಿದ್ದು ಇಂಥದೇ ಮಂಡನೆಯಾಗಿ. 1916ರ ಮೇ 9ರಂದು, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರಜ್ಞ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಸೆಮಿನಾರಿನಲ್ಲಿ, ಇಪ್ಪತ್ತೈದು ವರ್ಷದ ಅಂಬೇಡ್ಕರ್ ಭಾರತದ ಜಾತಿಗಳ ಹುಟ್ಟು, ಕಾರ್ಯವಿಧಾನ ಮತ್ತು ಬೆಳವಣಿಗೆಯನ್ನು ಕುರಿತು ಪ್ರಬಂಧ ಓದಿದರು. ಮರುವರ್ಷ ಅದು 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾಯಿತು.

ಈ ಪ್ರಬಂಧದ ಶಕ್ತಿ ಅದರ ಸಂಯಮದಲ್ಲಿದೆ. ಸೆನಾರ್, ನೆಸ್‌ಫೀಲ್ಡ್, ರಿಸ್ಲಿ, ಕೇತ್ಕರ್ ಈ ನಾಲ್ವರ ವ್ಯಾಖ್ಯೆಗಳನ್ನು ಒಂದೊಂದಾಗಿ ಎತ್ತಿಕೊಂಡು, ತೂಗಿ, ಕೊನೆಗೆ ಒಂದೇ ಒಂದು ಲಕ್ಷಣವನ್ನು ಅಂಬೇಡ್ಕರ್ ಉಳಿಸಿಕೊಳ್ಳುತ್ತಾರೆ: ಒಳವಿವಾಹ. ಹೆಣ್ಣು ಕೊಡುವುದು, ತರುವುದು ಗುಂಪಿನೊಳಗೇ ಆಗಬೇಕಾದರೆ ಗಂಡು ಹೆಣ್ಣುಗಳ ಸಂಖ್ಯೆ ಸರಿದೂಗಬೇಕು. ಗಂಡ ಸತ್ತಾಗ ಉಳಿಯುವ ಹೆಣ್ಣು, ಹೆಂಡತಿ ಸತ್ತಾಗ ಉಳಿಯುವ ಗಂಡು, ಈ 'ಹೆಚ್ಚುವರಿ'ಗಳನ್ನು ಏನು ಮಾಡುವುದು? ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹ ಮೂರೂ ಈ ಲೆಕ್ಕಕ್ಕೆ ಸಿಕ್ಕಿದ ಉತ್ತರಗಳೆಂದು ಅವರು ತೋರಿಸುತ್ತಾರೆ. ಪವಿತ್ರವೆಂದು ಹೊಗಳಿಸಿಕೊಂಡ ಆಚರಣೆಗಳು ಒಂದು ಯಂತ್ರದ ಹಲ್ಲುಗಳಾಗಿ ಕಾಣತೊಡಗುತ್ತವೆ. ಬ್ರಾಹ್ಮಣರು ಮೊದಲು ಬಾಗಿಲು ಹಾಕಿಕೊಂಡರು. ಉಳಿದವರಲ್ಲಿ ಕೆಲವರು ಅನುಕರಿಸಿದರು, ಕೆಲವರು ಹೊರಗುಳಿದರು. ಇಷ್ಟನ್ನು ಹೇಳಿದ ಮೇಲೆ, ಇದು ಅಂತಿಮವಲ್ಲ, ತಪ್ಪೆಂದು ಸಾಧಿಸಿದರೆ ಬಿಟ್ಟುಕೊಡಲು ಸಿದ್ಧ ಎಂಬ ಅರ್ಥದ ಮಾತಿನಿಂದ ಪ್ರಬಂಧ ಮುಗಿಯುತ್ತದೆ.

ಆ ಆಹ್ವಾನವನ್ನು ಈಗ ಯಾರು ಸ್ವೀಕರಿಸಬೇಕು? ಕೊಯಮತ್ತೂರಿನಲ್ಲಿ ಸಮಾಜದರ್ಶನದ ಒಂದು ಸಂಕಿರಣದಲ್ಲಿ ನಾನು ಈ ಪ್ರಬಂಧವನ್ನು ಕುರಿತು ಇಂಗ್ಲಿಷಿನಲ್ಲಿ ಓದಿದೆ. ಸಭೆಯಲ್ಲಿ ಎದ್ದ ಪ್ರಶ್ನೆಗಳು ಪಾರಿಭಾಷಿಕ ಪದಗಳ ಸುತ್ತಲೇ ಇದ್ದವು. ಸಂಜೆ ಪೊಳ್ಳಾಚಿ ರಸ್ತೆಯ ಕಿಣತ್ತುಕಡವಿನಲ್ಲಿ, ನನ್ನ ಸೋದರಮಾವನ ಮನೆಯಲ್ಲಿ, ಏನು ಓದಿದೆಯೆಂದು ಅತ್ತೆ ಕೇಳಿದರು. ಆ ಮನೆಯಲ್ಲಿ ಆಡುವುದು ಕನ್ನಡ, ಓದು ಬರಹವೆಲ್ಲ ತಮಿಳು. ಅಂಬೇಡ್ಕರರ ವಾದವನ್ನು ನಮ್ಮ ಮಾತಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊರಗೆ ಕೊಟ್ಟು ತಂದಿದ್ದರೆ ಈ ಮಾತು ಎಲ್ಲಿ ಉಳೀತಿತ್ತು, ಕಣ್ಣು?" ಎಂದರು.

ಸಂಕಿರಣದಲ್ಲಿ ಯಾರೂ ಕೇಳದ ಪ್ರಶ್ನೆ ಇದು. ಕೊಯಮತ್ತೂರು ಸೀಮೆಯ ಒಕ್ಕಲಿಗರು, ದೇವಾಂಗ ನೇಕಾರರು, ತಲೆಮಾರುಗಳಿಂದ ತಮಿಳಿನ ನಡುವೆ ಕನ್ನಡ ಆಡುತ್ತ ಬಂದವರು. ಕೇರಳದ ತ್ರಿಶೂರು ಜಿಲ್ಲೆಯ ಕುತ್ತಾಂಪುಳ್ಳಿಯ ದೇವಾಂಗ ನೇಕಾರರ ಮನೆಗಳ ಮಾತೂ ಹೀಗೆಯೇ ಉಳಿದುಬಂದದ್ದು. ಇವರಿಗೆ ಕನ್ನಡ ಶಾಲೆಯಿಲ್ಲ, ಪತ್ರಿಕೆಯಿಲ್ಲ, ಲಿಪಿಯೂ ಇಲ್ಲ. ಒಂದೇ ಕಸುಬು, ಒಂದೇ ಬೀದಿಯ ವಾಸ ನೆರವಾಗಿರಬಹುದು. ಆದರೆ ಸೊಸೆಯಾಗಿ ಬರುವವಳೂ ಅದೇ ಮಾತನ್ನು ತಂದಳು ಎನ್ನುವುದೇ ಮುಖ್ಯ ಕಾರಣ. ಹಾಗಾದರೆ ಅಂಬೇಡ್ಕರರು ಜಾತಿಯ ಜೀವಾಳವೆಂದು ಗುರುತಿಸಿದ್ದು ಇಲ್ಲಿ ಭಾಷೆಯ ಜೀವಾಳವೂ ಆಗಿದೆ. ಯಾರ ಅನುಕರಣೆಯೂ ಅಲ್ಲದೆ, ಪರನಾಡಿನಲ್ಲಿ ಕರಗಿಹೋಗುವ ಭಯದಿಂದಲೂ ಬಾಗಿಲು ಭದ್ರವಾಗಬಹುದು ಎಂಬ ಸಾಧ್ಯತೆಯನ್ನು ಆ ಪ್ರಬಂಧ ಎತ್ತಿಕೊಂಡಿಲ್ಲ. ಅತ್ತೆಯ ಮಾತು ಅದನ್ನು ತಳ್ಳಿಹಾಕುವುದಿಲ್ಲ, ತೊಡಕಾಗಿಸುತ್ತದೆ.

ಗಡಿನಾಡಿನ ಕನ್ನಡವನ್ನು ಹಾಡಿ ಹೊಗಳುವ ನಮಗೆ ಇದು ಮುಜುಗರದ ವಿಷಯ. 'ಶತಮಾನಗಳಿಂದ ಭಾಷೆಯನ್ನು ಕಾಪಾಡಿಕೊಂಡು ಬಂದವರು' ಎಂದು ನಾವು ಬರೆಯುವಾಗ, ಆ ಕಾಪಾಟಕ್ಕೆ ಯಾರ ಮದುವೆ, ಯಾರ ಆಯ್ಕೆ ಬೆಲೆಯಾಯಿತೆಂದು ಕೇಳುವುದಿಲ್ಲ. ಹಾಗೆಂದು ಬಾಗಿಲು ತೆರೆದರೆ ಭಾಷೆ ಸಾಯಲೇಬೇಕೆ?

ಇಲ್ಲಿ ಕಾಸರಗೋಡಿನ ಉದಾಹರಣೆ ಬೇರೆ ದಾರಿಯನ್ನು ಸೂಚಿಸುತ್ತದೆ. ಮಂಜೇಶ್ವರದ ಗೋವಿಂದ ಪೈಗಳ (1883-1963) ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು (1915-2015) ತುಳು. ಇಬ್ಬರಿಗೂ ಕನ್ನಡ ಬಂದದ್ದು ಮದುವೆಯ ಸಂಬಂಧದಿಂದಲ್ಲ, ಅಕ್ಷರದಿಂದ. ಅದು ಇಲ್ಲಿ ಒಂದು ಜಾತಿಯ ಅಡುಗೆಮನೆಯ ಸೊತ್ತಲ್ಲ; ಶಾಲೆ, ಯಕ್ಷಗಾನ, ಪತ್ರಿಕೆಗಳ ಮೂಲಕ ಹಲವು ಮನೆಮಾತಿನವರು ಕೂಡಿ ಕಟ್ಟಿಕೊಂಡ ಮಾತು. ಕಾಸರಗೋಡಿನಲ್ಲಿ ಜಾತಿ ಇಲ್ಲವೆಂದಲ್ಲ. ಕನ್ನಡ ಬದುಕಲು ಜಾತಿಯನ್ನು ನೆಚ್ಚಬೇಕಾಗಿಲ್ಲ ಎಂದಷ್ಟೆ. ಆದ್ದರಿಂದಲೇ ಇಲ್ಲಿ ಕನ್ನಡ ಶಾಲೆ ಮುಚ್ಚುವುದೆಂದರೆ ಬರಿಯ ಭಾಷಾಭಿಮಾನದ ಪ್ರಶ್ನೆಯಲ್ಲ. ಶಾಲೆ ಇಲ್ಲವಾದ ಕಡೆ ಭಾಷೆ ಮತ್ತೆ ಮದುವೆಯ ಆಸರೆಗೆ ಹೋಗಿ ನಿಲ್ಲುತ್ತದೆ.

ಗೋಪಾಲ್ ಗುರು 2002ರಲ್ಲಿ, ನಮ್ಮ ಸಮಾಜವಿಜ್ಞಾನದಲ್ಲಿ ಸಿದ್ಧಾಂತ ಕಟ್ಟುವವರು ಒಂದು ಕಡೆ, ವಿವರ ಒದಗಿಸುವವರು ಇನ್ನೊಂದು ಕಡೆ ಎಂಬ ಜಾತಿಭೇದವಿದೆಯೆಂದು ವಾದಿಸಿದರು. ಬೆಂಗಳೂರಿನ ಚಿಂತಕ ಸುಂದರ್ ಸರುಕ್ಕೈ ಅವರೊಡನೆ ಅದು ವಾಗ್ವಾದವಾಗಿ ಬೆಳೆದು 2012ರಲ್ಲಿ 'ದಿ ಕ್ರ್ಯಾಕ್ಡ್ ಮಿರರ್' ಎಂಬ ಪುಸ್ತಕವಾಯಿತು. ಅನುಭವ ಉಳ್ಳವರಿಗಷ್ಟೇ ಸಿದ್ಧಾಂತದ ಹಕ್ಕೇ ಎಂಬ ಅವರ ಚರ್ಚೆಗೆ ನಾನು ಸೇರಿಸಬಯಸುವುದು ಒಂದೇ ಮಾತು: ಅತ್ತೆ ಕೊಟ್ಟದ್ದು ವಿವರವಲ್ಲ, ಆಕ್ಷೇಪ. ಅದು ಸಾಧ್ಯವಾದದ್ದು ವಾದ ಅವರ ಭಾಷೆಯಲ್ಲಿ ಅವರ ಮುಂದೆ ಬಂದದ್ದರಿಂದ. ಸಮಾಜವನ್ನು ಕುರಿತ ಪ್ರಬಂಧ ಆ ಸಮಾಜದ ಮಾತಿನಲ್ಲಿ ಒಮ್ಮೆ ಮಂಡನೆಯಾಗುವವರೆಗೆ ಅದರ ಮಂಡನೆ ಅರ್ಧವೇ. 1916ರ ಆ ತರುಣ ವಿದ್ವಾಂಸ ತೆರೆದಿಟ್ಟ ಚರ್ಚೆ ಕನ್ನಡದಲ್ಲಿ, ಮಲಯಾಳದಲ್ಲಿ, ಲಿಪಿಯಿಲ್ಲದ ಮನೆಮಾತುಗಳಲ್ಲಿ ಇನ್ನೂ ನಡೆಯಬೇಕಾಗಿದೆ.